ಕಪ್ಪತಗುಡ್ಡಕ್ಕೆ ಹೊರಟಿದ್ದರೆ ಟೋಪಿ ಗಟ್ಟಿಯಾಗಿ ಹಿಡ್ಕೊಳ್ಳಿ

‘ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು’ ಅಂತ ನಮ್ಮ ಕಡೆ ಒಂದು ಮಾತಿದೆ. ಹುಬ್ಬಳ್ಳಿಯಲ್ಲೇ ಬೆಳೆದ ನಾನು ಆ ಗಿರಿಯನ್ನು ಸರಿಯಾಗಿ ನೋಡಿದ್ದು ಮಾತ್ರ ಹೋದ ವರ್ಷದ ಸೆಪ್ಟೆಂಬರ್‌ನಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಎತ್ತರದ ಬೆಟ್ಟ ಅಲ್ಲ. ಕುದುರೆಮುಖವನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಮೊದಲ ಅರ್ಧ ಗಂಟೆ ಬೇಜಾರೇ. ಗದಗದ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಗುಡ್ಡದ ಮೇಲೆ ಗುಡ್ಡ ಸಾಲಾಗಿ ಮಲಗಿವೆ, ಅಷ್ಟೇ. ಹೀಗಾಗಿ ತುದಿ ಮುಟ್ಟುವ ಹಟ ಬಿಟ್ಟು ಹೋಗಿ.

ನಾವು ಗದಗ ದಾಟಿ ಡಂಬಳದ ಮೇಲೆ ಡೋಣಿಗೆ ಹೋದೆವು. ದಾರಿಯುದ್ದಕ್ಕೂ ಎರಿ ಹೊಲಗಳು, ಅಂದರೆ ಕಪ್ಪು ಮಣ್ಣಿನ ಹೊಲಗಳು. ಮಳೆಗಾಲದಲ್ಲಿ ಗುಡ್ಡ ಪೂರ್ತಿ ಹಸಿರು. ಬೇಸಿಗೆಯಲ್ಲಿ ಅದೇ ಹುಲ್ಲು ಒಣಗಿ ಒಂದು ಕಿಡಿಗೆ ಕಾಯುತ್ತಿರುತ್ತದೆ, ಬೆಂಕಿ ಬೀಳುವುದೂ ಆಗಲೇ. ಬೀಡಿ, ಸಿಗರೇಟಿನ ಚಟ ಇರುವವರು ಅದನ್ನು ಗಾಡಿಯಲ್ಲೇ ಬಿಟ್ಟು ಹತ್ತಿ. ಜುಲೈನಿಂದ ನವೆಂಬರ್ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಹೋಗಿ ನನ್ನನ್ನು ಬೈಯಬೇಡಿ.

ಗಾಳಿಯ ಮಾತಿಗೆ ಬರೋಣ. ಗುಡ್ಡದ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ, ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆ. ಅಂದರೆ ನೇರ ಅಡ್ಡಡ್ಡ ಬಡಿಯುತ್ತದೆ. ಗಾಳಿ ವಿದ್ಯುತ್ತಿನ ಫ್ಯಾನುಗಳು ಈ ಕಡೆ ಸುಮ್ನೆ ನಿಂತಿಲ್ಲ. ಮೇಲೊಂದು ಜಾಗಕ್ಕೆ ಗಾಳಿಗುಂಡಿ ಬಸವಣ್ಣ ಅಂತಲೇ ಹೆಸರು. ಕೆಳಗೆ ಕುರಿ ಕಾಯುತ್ತಿದ್ದ ಅಜ್ಜ ನಮ್ಮನ್ನು ನೋಡಿ, ‘ತಮ್ಮಾ, ಟೊಪಗಿ ಕಿಸೆದಾಗ ಇಟಗೋರಿ, ಮ್ಯಾಲ ಹೋದ ಮ್ಯಾಲ ಸಿಗಂಗಿಲ್ಲ’ ಅಂದ. ನಾವು ನಕ್ಕೆವು. ಹತ್ತು ನಿಮಿಷಕ್ಕೆ ಗೆಳೆಯನ ಟೋಪಿ ಮುಂಡರಗಿ ದಿಕ್ಕಿಗೆ ಹೋಯಿತು.

ನನಗೆ ಜಾಸ್ತಿ ಹಿಡಿಸಿದ್ದು ಕಲ್ಲು. ದಾರಿಯ ಅಂಚಿನಲ್ಲಿ ಅಂಗೈಯಗಲದ ಒಂದು ಚಕ್ಕೆ ಸಿಕ್ಕಿತು. ಕಬ್ಬಿಣದ ಕಪ್ಪು ಗೆರೆ, ಅದರ ಕೆಳಗೆ ಕೆಂಪು ಗೆರೆ, ಮತ್ತೆ ಕಪ್ಪು, ಇಳಕಲ್ ಸೀರೆಯ ದಡಿ ಮಡಚಿಟ್ಟ ಹಾಗೆ. ಗಾತ್ರಕ್ಕಿಂತ ಭಾರ ಹೆಚ್ಚು. ಈ ಜಾತಿಯ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವಕ್ಕೆ ಕೊಟ್ಟ ‘ಧಾರವಾರ್ ಸಿಸ್ಟಮ್’ ಎಂಬ ಹೆಸರಿನಲ್ಲಿ ನಮ್ಮ ಧಾರವಾಡವೇ ಇದೆ. ಚಕ್ಕೆಯನ್ನು ಇದ್ದಲ್ಲೇ ಇಟ್ಟು ಬಂದೆ, ನೀವೂ ಹಾಗೇ ಮಾಡಿ. ಈ ಕಲ್ಲಿನೊಳಗಿನ ಕಬ್ಬಿಣ, ಚಿನ್ನದ ಮೇಲೆ ಕಣ್ಣಿಟ್ಟವರು ಮೊದಲೇ ಬಹಳ ಜನ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಗಳು ಜನರ ಜೊತೆ ಧರಣಿ ಕೂತಿದ್ದು ಇಲ್ಲಿ ಗಣಿಗಾರಿಕೆ ಬೇಡ ಅಂತಲೇ ಅಲ್ವಾ? 2019ರಲ್ಲಿ ಇದು ವನ್ಯಜೀವಿಧಾಮ ಆಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ.

ವನ್ಯಜೀವಿಧಾಮ ಆದ ಮೇಲೆ ಮನಸ್ಸಿಗೆ ಬಂದಲ್ಲಿ ನುಗ್ಗುವ ಹಾಗಿಲ್ಲ. ಎಲ್ಲಿಯವರೆಗೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ಇಳಿಯಬೇಕು ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ ಇದು. ನಮಗೆ ಕಂಡದ್ದು ಎರಡು ನವಿಲು ಮಾತ್ರ. ಔಷಧಿ ಸಸ್ಯಕ್ಕೆ ಹೆಸರಾದ ಗುಡ್ಡ, ಆದರೆ ನನ್ನಂಥವನಿಗೆ ಗುರುತು ಸಿಕ್ಕಿದ್ದು ಹಳದಿ ಹೂವಿನ ತಂಗಡಿ, ಬಂದರಿಕೆ, ಇನ್ನೆರಡು ಮೂರು. ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋದರೆ ಪ್ರವಾಸದ ರುಚಿಯೇ ಬೇರೆ.

ನಮ್ಮ ದೊಡ್ಡ ತಪ್ಪು ನೀರು. ‘ಮ್ಯಾಲ ಚಹಾದಂಗಡಿ ಅದಾವ’ ಅಂತ ಯಾರೋ ಹೇಳಿದ್ದನ್ನು ನಂಬಿ ಇಬ್ಬರಿಗೆ ಒಂದೇ ಬಾಟಲಿ ಒಯ್ದಿದ್ದೆವು. ಅಂಗಡಿ ಕಾಣಲಿಲ್ಲ. ತಲೆಗೆ ಎರಡು ಲೀಟರ್ ಇರಲಿ, ಬುತ್ತಿಗೆ ಎರಡು ರೊಟ್ಟಿ ಶೇಂಗಾ ಚಟ್ನಿ ಸಾಕು. ನೆರಳು ಕಡಿಮೆ, ಏಳು ಗಂಟೆಯೊಳಗೆ ಹತ್ತಲು ಶುರು ಮಾಡಿ. ಚಪ್ಪಲಿ ಬೇಡ, ಬೂಟು ಹಾಕಿ. ಬಸ್ಸಿಗೆ ಹೋಗುವವರು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ.

ಬರುವಾಗ ಡಂಬಳದ ದೊಡ್ಡಬಸಪ್ಪ ಗುಡಿಗೆ ಅರ್ಧ ಗಂಟೆ ಕೊಡಿ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಒಂದು ಸುತ್ತು ಹಾಕುತ್ತ ಎಣಿಸಿ, ನಾನು ಎರಡು ಸಲ ತಪ್ಪಿದೆ. ಆಮೇಲೆ ಗದಗದಲ್ಲಿ ಗಿರಮಿಟ್ಟು, ಮಿರ್ಚಿ ತರಿಸಿಕೊಂಡು, ಕಾಲುಚೀಲಕ್ಕೆ ಚುಚ್ಚಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತ ಕೂತೆವು.