ಮಂಡಿ ಮಡಚಿ ತೆಗೆಯುವ ಚಿತ್ರ

ಮಂಡಿಯ ಎಕ್ಸ್‌-ರೇ ಅಂದ್ರೆ ಸಾಮಾನ್ಯವಾಗಿ ಎರಡು ಚಿತ್ರ. ಎದುರಿನಿಂದ ಒಂದು, ಪಕ್ಕದಿಂದ ಒಂದು. ವರ್ಷಗಟ್ಟಲೆ ಎಕ್ಸ್‌-ರೇ ಕೋಣೆಯಲ್ಲೇ ಕಳೆದಿರುವ ನನಗೆ ಇವೆರಡು ಸಾಲದು. ನಡೆಯುವಾಗ ಮಂಡಿ ತಟ್ಟನೆ ಲಾಕ್ ಆಗುತ್ತೆ ಅನ್ನುವವರಿಗಂತೂ ಮಂಡಿ ಮಡಚಿ ಇನ್ನೊಂದು ಚಿತ್ರ ತೆಗೆಯಲೇಬೇಕು. ಇದಕ್ಕೆ ಟನಲ್ ವ್ಯೂ ಅಂತಾರೆ.

ತೊಡೆಯ ಮೂಳೆ ಕೆಳತುದಿಯಲ್ಲಿ ಎರಡು ದಪ್ಪ ಉಬ್ಬುಗಳಾಗುತ್ತದೆ. ಇವೇ ಕಾಂಡೈಲ್‌ಗಳು. ಅವೆರಡರ ನಡುವೆ, ಹಿಂಭಾಗದಲ್ಲಿ, ಒಂದು ಆಳವಾದ ಸಂದು ಇದೆ. ಅದೇ ನಾಚ್. ಜಾಗ ಚಿಕ್ಕದು, ಆದರೆ ಮಂಡಿಯನ್ನು ಹಿಡಿದಿಡುವ ಎರಡು ಮುಖ್ಯ ಲಿಗಮೆಂಟ್‌ಗಳು, ಅಂದರೆ ಮೂಳೆಗೆ ಮೂಳೆ ಬಿಗಿಯುವ ಗಟ್ಟಿ ಪಟ್ಟಿಗಳು, ಇಲ್ಲೇ ಇವೆ. ಮುಂದಿನದು ಎಸಿಎಲ್, ಹಿಂದಿನದು ಪಿಸಿಎಲ್. ಎಸಿಎಲ್ ಹೊರಬದಿಯ ಕಾಂಡೈಲ್‌ನ ಒಳಗೋಡೆಗೆ ಅಂಟಿದೆ, ಪಿಸಿಎಲ್ ಅದರ ಎದುರು ಗೋಡೆಗೆ.

ಈ ಸಂದಿನ ಛಾವಣಿ ಓರೆಯಾಗಿದೆ. ಕಾಲು ಚಾಚಿ ಮಲಗಿದಾಗ ಕಿರಣ ಅದಕ್ಕೆ ಅಡ್ಡ ಬೀಳುತ್ತದೆ, ಮೂಳೆಯ ಮೇಲೆ ಮೂಳೆ ಕೂತು ಸಂದು ಅರ್ಧ ಮುಚ್ಚಿದ ಹಾಗೆ ಕಾಣುತ್ತದೆ. ಮಂಡಿ ಮಡಚಿದರೆ ಕಿರಣ ಸಂದಿನೊಳಗೆ ನೇರ ಹಾಯುತ್ತದೆ. ಟನಲ್ ವ್ಯೂ ಅಂದರೆ ಇಷ್ಟೇ.

ನಾನು ಹೆಚ್ಚಾಗಿ ಬೋರಲು ಮಲಗಿಸಿಯೇ ತೆಗೆಯುತ್ತೇನೆ. ಪಾದದ ಕೆಳಗೆ ಆಸರೆ ಕೊಟ್ಟು ಮಂಡಿಯನ್ನು 40ರಿಂದ 50 ಡಿಗ್ರಿ ಮಡಚಬೇಕು. ಆಮೇಲೆ ಕಿರಣ ಬರುವ ಟ್ಯೂಬನ್ನು ಅಷ್ಟೇ ಓರೆ ಮಾಡಿ, ಕಿರಣ ಮಂಡಿಯ ಕೆಳಗಿನ ಕಾಲಿಗೆ ಲಂಬವಾಗಿ ಮಂಡಿಯ ಹಿಂದಿನ ಕುಳಿಗೆ ಬೀಳುವಂತೆ ಹಿಡಿಯಬೇಕು. ಮಂಡಿಯೂರಿಸಿ ತೆಗೆಯುವ ಪದ್ಧತಿಯೂ ಇದೆ. ಆದರೆ ಊದಿದ ಮಂಡಿಯ ಮೇಲೆ ಭಾರ ಹಾಕಿ ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ. ಪಾದ ಸ್ವಲ್ಪ ತಿರುಗಿದರೂ ಚಿತ್ರ ಕೆಡುತ್ತದೆ, ಹಾಗಾಗಿ ಹಿಮ್ಮಡಿ ಹಿಡಿದು ಎರಡೆರಡು ಸಲ ನೋಡುತ್ತೇನೆ.

ಸರಿಯಾಗಿ ಬಂದ ಚಿತ್ರದಲ್ಲಿ ಸಂದು ತೆರೆದ ಕಮಾನಿನಂತೆ ಕಾಣುತ್ತದೆ. ಒಮ್ಮೆ ಆಟವಾಡುವ ಹುಡುಗನೊಬ್ಬ ಬಂದಿದ್ದ. ಮೊದಲ ಎರಡು ಚಿತ್ರದಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಮಡಚಿ ತೆಗೆದಾಗ ಒಳಬದಿಯ ಕಾಂಡೈಲ್‌ನಲ್ಲಿ, ಸಂದಿನ ಅಂಚಿಗೇ, ಒಂದು ಚಿಕ್ಕ ಗುಳಿ. ಗುಳಿಯೊಳಗೆ ಸಡಿಲವಾದ ಮೂಳೆಚೂರು. ಬೆಳೆಯುವ ಮಕ್ಕಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗವೇ ಅದು. ಕಳಚಿ ಮಂಡಿಯನ್ನು ಲಾಕ್ ಮಾಡುವ ಚೂರು ಸಂದಿನಲ್ಲಿ ಅವಿತುಕೊಳ್ಳುವುದೂ ಉಂಟು.

ಲಿಗಮೆಂಟ್ ಎಕ್ಸ್‌-ರೇಯಲ್ಲಿ ಕಾಣಲ್ಲ, ಅದಕ್ಕೆ ಎಂಆರ್‌ಐ ಬೇಕು. ಎಕ್ಸ್‌-ರೇ ಆಗಲಿ ಎಂಆರ್‌ಐ ಆಗಲಿ, ಪಕ್ಕದ ನೋಟದಲ್ಲಿ ಸಂದಿನ ಛಾವಣಿ ಒಂದು ಗೆರೆಯಾಗಿ ಕಾಣುತ್ತದೆ. 1938ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ವೈದ್ಯ ಬ್ಲೂಮೆನ್‌ಸಾಟ್ ಹೆಸರೇ ಅದಕ್ಕಿದೆ. ಎಂಆರ್‌ಐಯಲ್ಲಿ ನೋಡಿದರೆ, ಗಟ್ಟಿಯಾಗಿರುವ ಎಸಿಎಲ್ ಹೆಚ್ಚುಕಡಿಮೆ ಆ ಗೆರೆಯ ಜೊತೆಗೇ ಇಳಿಯುತ್ತದೆ, ಹರಿದದ್ದು ಜೋತು ಮಲಗುತ್ತದೆ. ಎದುರಿನ ನೋಟದಲ್ಲಿ ಹೊರಗೋಡೆಯ ಪಕ್ಕ ಲಿಗಮೆಂಟ್ ಬದಲು ಬರೀ ನೀರು ಕಂಡರೂ ಅನುಮಾನ ಪಡಬೇಕು.

ಸಂದು ಕಿರಿದಾಗಿದ್ದರೆ ಎಸಿಎಲ್ ಹರಿಯುವ ಸಾಧ್ಯತೆ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಸಂದಿನ ಅಗಲವನ್ನು ಎರಡೂ ಕಾಂಡೈಲ್ ಸೇರಿದ ಅಗಲದಿಂದ ಭಾಗಿಸಿ ಇದನ್ನು ಅಳೆಯುತ್ತಾರೆ. ಆದರೆ ರಿಪೋರ್ಟಿನಲ್ಲಿ ಆ ಒಂದು ಅಂಕಿ ನೋಡಿ ಸುಮ್ನೆ ಹೆದರಬೇಡಿ. ಎಕ್ಸ್‌-ರೇಯಲ್ಲಿ ಅಳೆದದ್ದಾದರೆ ಮಂಡಿ ಎಷ್ಟು ಮಡಚಿತ್ತು ಅನ್ನುವುದರ ಮೇಲೂ ಅದು ಬದಲಾಗುತ್ತದೆ. ಮಂಡಿ ಲಾಕ್ ಆಗುತ್ತಿದ್ದರೆ ಅದನ್ನು ಡಾಕ್ಟರಿಗೂ, ಚಿತ್ರ ತೆಗೆಯುವವರಿಗೂ ಬಾಯಿಬಿಟ್ಟು ಹೇಳಿ. ಎರಡೇ ಚಿತ್ರ ತೆಗೆದು ಕಳಿಸುತ್ತಿದ್ದರೆ, ಮಡಚಿ ಇನ್ನೊಂದು ಬೇಕಾ ಅಂತ ಅಲ್ಲೇ ಕೇಳಿ.