ಫಿಜಿಯಲ್ಲಿ ಎಲ್ರಿಗೂ ಒಂದೇ ವೋಟರ್ ಲಿಸ್ಟ್ ಆಗಕ್ಕೆ 84 ವರ್ಷ ಹಿಡೀತು

ಎರಡು ವಾರದಿಂದ ಫಿಜಿ ಎಲೆಕ್ಷನ್ ಇತಿಹಾಸ ಓದ್ತಾ ಇದೀನಿ, ತಲೆಯಿಂದ ಹೋಗ್ತಾನೇ ಇಲ್ಲ. 1879ರಿಂದ ಕಬ್ಬಿನ ಗದ್ದೆ ಕೂಲಿಗೆ ಅಂತ ಬ್ರಿಟಿಷರು ಹಡಗು ಹತ್ತಿಸಿದ ನಮ್ಮ ಜನ, 1903ರಿಂದ ಮದ್ರಾಸ್ ಬಂದರಿಂದ ದಕ್ಷಿಣದವರೂ ಹೋದ್ರು, ಅವರಿಗೆ ಅಲ್ಲಿನ ಶಾಸನಸಭೆಗೆ ಓಟು ಸಿಕ್ಕಿದ್ದು 1929ರಲ್ಲಿ. ಮೂರೇ ಸೀಟು, ಅದೂ ಬಿಳಿಯರ ಲಿಸ್ಟೇ ಬೇರೆ, ಇವರ ಲಿಸ್ಟೇ ಬೇರೆ. ಗೆದ್ದು ಒಳಗೆ ಹೋದ ವಿಷ್ಣು ದೇವ್ ಎಲ್ರಿಗೂ ಒಂದೇ ಲಿಸ್ಟ್ ಮಾಡಿ ಅಂತ ನಿರ್ಣಯ ತಂದ್ರು, ಸೋತೋಯ್ತು, ಮೂರೂ ಜನ ರಾಜೀನಾಮೆ ಕೊಟ್ಟು ಎದ್ದು ಬಂದ್ರು. ಮೂಲ ಫಿಜಿಯವರಿಗಂತೂ 1963ರವರೆಗೆ ಓಟೇ ಇರ್ಲಿಲ್ಲ, ಹೆಂಗಸರಿಗೂ ಆಗ್ಲೇ ಸಿಕ್ಕಿದ್ದು.

1970ರಲ್ಲಿ ಸ್ವಾತಂತ್ರ್ಯ ಬಂದ್ಮೇಲೆ ಒಬ್ಬೊಬ್ಬರಿಗೂ ನಾಲ್ಕು ಓಟು, ಒಂದು ತಮ್ಮ ಜನಾಂಗದ ಸೀಟಿಗೆ, ಮೂರು ಎಲ್ರೂ ಸೇರಿ ಆರಿಸೋ ಸೀಟಿಗೆ, ಆದ್ರೆ ಅಲ್ಲೂ ನಿಲ್ಲೋರ ಜನಾಂಗ ಫಿಕ್ಸ್. 1987ರಲ್ಲಿ ಭಾರತೀಯರ ಬೆಂಬಲದ ಸರ್ಕಾರ ಬಂತು, ಒಂದೇ ತಿಂಗಳಿಗೆ ರಬುಕಾ ಅನ್ನೋ ಸೇನಾಧಿಕಾರಿ ಸೈನ್ಯ ತಂದು ಕಿತ್ತಾಕಿದ್ರು. 1990ರ ಸಂವಿಧಾನದಲ್ಲಿ ಆ ಮೂರು ಓಟೂ ಹೋಯ್ತು, 70 ಸೀಟಲ್ಲಿ 37 ಮೂಲ ಫಿಜಿಯವರಿಗೆ, 27 ಭಾರತೀಯರಿಗೆ.

1997ರಲ್ಲಿ ಮತ್ತೆ ಬದಲಾಯ್ತು. ಬ್ಯಾಲೆಟ್ ಪೇಪರ್ ನಡುವೆ ಒಂದು ಗೆರೆ, ಕೆಳಗಡೆ ಕ್ಯಾಂಡಿಡೇಟ್‌ಗಳಿಗೆ 1, 2, 3 ಅಂತ ನಂಬರ್ ಕೊಡ್ಬೇಕಿತ್ತು, ಇಲ್ಲಾಂದ್ರೆ ಮೇಲ್ಗಡೆ ಪಾರ್ಟಿ ಎದುರು ಒಂದು ಟಿಕ್ ಹಾಕಿದ್ರೆ ಮುಗೀತು, ಮಿಕ್ಕ ಪ್ರಾಶಸ್ತ್ಯ ಪಾರ್ಟಿ ಮೊದಲೇ ಬರೆದು ಕೊಟ್ಟಂಗೆ ಹೋಗ್ತಿತ್ತು. ಹೆಚ್ಚಿನವರು ಟಿಕ್ಕೇ ಹಾಕಿದ್ರು, ಅಂದ್ರೆ ತಮ್ಮ ಎರಡನೇ ಓಟು ಯಾರಿಗೆ ಅಂತ ತಾವೇ ತೀರ್ಮಾನ ಮಾಡ್ಲಿಲ್ಲ, ನಂಗೆ ಇದು ಸರಿ ಅನ್ಸಲ್ಲ. ಆದ್ರೂ 1999ರಲ್ಲಿ ಮಹೇಂದ್ರ ಚೌಧರಿ ಪ್ರಧಾನಿ ಆದ್ರು, ಭಾರತೀಯ ಮೂಲದ ಮೊದಲನೆಯವರು. ಸರಿಯಾಗಿ ಒಂದು ವರ್ಷಕ್ಕೆ, 2000ದ ಮೇ 19ಕ್ಕೆ, ಪಾರ್ಲಿಮೆಂಟ್ ಒಳಗೇ ಅವರನ್ನ ಒತ್ತೆ ಹಿಡಿದ್ರು, 56 ದಿನ!

ಒಂದೇ ಲಿಸ್ಟ್ ಕೊನೆಗೂ ಬಂದಿದ್ದು 2013ರ ಸಂವಿಧಾನದಲ್ಲಿ, ತಂದಿದ್ದು 2006ರಲ್ಲಿ ಸರ್ಕಾರ ಕೆಡವಿದ ಸೇನಾ ಮುಖ್ಯಸ್ಥ ಬೈನಿಮರಾಮ. ಇದೇ ನಂಗೆ ಚುಚ್ಚೋದು, ವಿಷ್ಣು ದೇವ್ ಕೇಳಿದ್ದು ಸಭೆಯಲ್ಲಿ, ಸಿಕ್ಕಿದ್ದು ಬಂದೂಕಿನ ಕಡೆಯಿಂದ. ಇಡೀ ದೇಶ ಒಂದೇ ಕ್ಷೇತ್ರ, ಪಾರ್ಟಿಗೆ ಬಿದ್ದ ಓಟಿನ ಪ್ರಮಾಣದಲ್ಲಿ ಸೀಟು, 5% ದಾಟದಿದ್ರೆ ಒಂದೂ ಇಲ್ಲ. 2014ರ ಬ್ಯಾಲೆಟ್‌ನಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಚಿಹ್ನೆ ಇಲ್ಲ, 248 ಕ್ಯಾಂಡಿಡೇಟ್‌ಗಳಿಗೆ ಚೌಕ ಚೌಕದಲ್ಲಿ ಬರೀ ಮೂರಂಕಿ ನಂಬರು. ಬೈನಿಮರಾಮ ಅಂದ್ರೆ 279. ಕಣ್ಣು ಮಂಜಾದ ಅಜ್ಜಿ ಆ ನಂಬರ್ ಮನಸಲ್ಲೇ ಹೇಳ್ಕೊಂಡು ಬೂತಿಗೆ ಹೋಗೋದು ನೆನೆಸ್ಕೊಳ್ಳಿ.

2022ರಲ್ಲಿ ಬೈನಿಮರಾಮ ಮೆಜಾರಿಟಿ ಕಳ್ಕೊಂಡ್ರು, ಪಾರ್ಲಿಮೆಂಟಲ್ಲಿ 28-27ರಲ್ಲಿ ಹೊಸ ಪ್ರಧಾನಿ ಆಗಿ ಗೆದ್ದಿದ್ದು 1987ರ ಅದೇ ರಬುಕಾ.