ಧಾರವಾಡ ಗೆಜೆಟಿಯರಿನ ಚರ್ಮದ ಬೆನ್ನು: ಕೆಲಸ ಎಲ್ಲಿಗೆ ಬಂತು

ಧಾರವಾಡ ಜಿಲ್ಲೆಯ ಹಳೆಯ ಸರ್ಕಾರಿ ವಿವರಗ್ರಂಥವಾದ ಗೆಜೆಟಿಯರನ್ನು ಕೈಗೆತ್ತಿಕೊಂಡರೆ ಈಗ ಅದರ ಚರ್ಮದಿಂದ ಅಂಗೈಗೆ ಕೆಂಪು ಪುಡಿ ಹತ್ತುತ್ತಿಲ್ಲ. ಈ ಮಳೆಗಾಲದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ.

ಇದು ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯ 22ನೆಯ ಸಂಪುಟ, 1884ರಲ್ಲಿ ಅಚ್ಚಾದದ್ದು. ಗದಗ, ಹಾನಗಲ್ಲ, ರಾಣೆಬೆನ್ನೂರು ಆಗ ಧಾರವಾಡ ಜಿಲ್ಲೆಯ ತಾಲೂಕುಗಳಾಗಿದ್ದುದರಿಂದ ಎಲ್ಲವೂ ಈ ಒಂದೇ ಸಂಪುಟದಲ್ಲಿವೆ. ಧಾರವಾಡದ ಹಳೆಯ ವಕೀಲರೊಬ್ಬರ ಮನೆಯವರು ಕಪಾಟು ಖಾಲಿ ಮಾಡುವಾಗ ನನಗೆ ಕೊಟ್ಟರು. ಯಾರೋ ಅಕ್ಕರೆಯಿಂದ ಅರ್ಧ ಚರ್ಮದ ಬೈಂಡಿಂಗ್ ಮಾಡಿಸಿದ್ದಾರೆ. ಬೆನ್ನಿಗೂ ಮೂಲೆಗಳಿಗೂ ಕಂದು ಚರ್ಮ, ಉಳಿದ ರಟ್ಟಿನ ಮೇಲೆ ನೀಲಿ-ಕೆಂಪು ಮಾರ್ಬಲ್ ಕಾಗದ. ಬೆನ್ನಿನ ಮೇಲೆ ಐದು ಉಬ್ಬುಪಟ್ಟಿಗಳು, ಅವುಗಳ ನಡುವಿನ ಮನೆಗಳಲ್ಲಿ ಒಂದೊಂದು ಚಿನ್ನದ ಹೂವು.

ಭೂತಗನ್ನಡಿಯಲ್ಲಿ ಈ ಹೂವುಗಳನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಲ್ಲ ಹೂವುಗಳೂ ಒಂದೇ ಅಚ್ಚಿನವು. ಆದರೆ ಮೂರನೆಯದು ಎಡಕ್ಕೆ ಕೂದಲೆಳೆಯಷ್ಟು ವಾಲಿದೆ. ಕೆಳಗಿನ ಹೂವಿನ ಒಂದು ಎಸಳಿಗೆ ಎರಡು ಅಂಚುಗಳಿವೆ, ಅಚ್ಚನ್ನು ಎರಡನೆಯ ಸಲ ಒತ್ತುವಾಗ ತುಸು ಜರುಗಿದ ಗುರುತು. ಚರ್ಮಕ್ಕೆ ಮೊಟ್ಟೆಯ ಬಿಳಿ ಸವರಿ, ಅದರ ಮೇಲೆ ಚಿನ್ನದ ರೇಕು ಹಾಸಿ, ಕಾಯಿಸಿದ ಹಿತ್ತಾಳೆಯ ಅಚ್ಚನ್ನು ಒತ್ತುವುದು ಆ ಕಾಲದ ಪದ್ಧತಿ. ಬಿಸಿ ತಾಗಿದಲ್ಲಿ ಮಾತ್ರ ಚಿನ್ನ ಕಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಒರೆಸಿ ತೆಗೆಯುತ್ತಾರೆ. ಇಡೀ ಬೆನ್ನನ್ನು ಯಂತ್ರದಲ್ಲಿ ಒಂದೇ ಏಟಿಗೆ ಒತ್ತಿದ್ದರೆ ಈ ವಾಲು ಬರುತ್ತಲೇ ಇರಲಿಲ್ಲ. ನನಗೆ ಆ ವಾಲಿದ ಹೂವಿನ ಮೇಲೆಯೇ ಹೆಚ್ಚು ಪ್ರೀತಿ.

ಆದರೆ ಚಿನ್ನ ಕುಳಿತಿರುವುದು ಪುಡಿಯಾಗುತ್ತಿರುವ ಚರ್ಮದ ಮೇಲೆಯೇ. ಚರ್ಮ ಹೋದರೆ ಹೂವೂ ಹೋಯಿತು. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ, ಅಲ್ಲಿನ ಹಿರಿಯ ಬೈಂಡರ್ ಒಬ್ಬರಿಗೆ ಪುಸ್ತಕ ತೋರಿಸಿದೆ. ಅವರು ಫರ್ಮಾಗಳ (ಮಡಚಿ ಹೊಲಿದ ಹಾಳೆಗಳ ಕಟ್ಟುಗಳ) ನಡುವೆ ಬೆರಳಾಡಿಸಿ, “ತಮ್ಮಾ, ಹೊಲಿಗೆ ಗಟ್ಟಿ ಇದೆ, ಬಿಚ್ಚಬೇಡ. ಚರ್ಮ ಕಿತ್ತು ರೆಕ್ಸಿನ್ ಹಾಕಿಬಿಟ್ಟರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ” ಎಂದರು. “ಹೂವು ಉಳಿಯಬೇಕಲ್ಲ ಕಾಕಾ” ಎಂದೆ. ಬೆನ್ನನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. “ಹಾಗಾದರೆ ಸಾವಕಾಶವಾಗಿ ನೀನೇ ಮಾಡು” ಎಂದು ಹಿಂದಿರುಗಿಸಿದರು. ಹೊಲಿಗೆಯನ್ನು ನಾನು ಮುಟ್ಟಿಲ್ಲ.

ಈ ಪುಡಿ ರೋಗಕ್ಕೆ ರೆಡ್ ರಾಟ್ ಎನ್ನುತ್ತಾರೆ. ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ ಗಾಳಿಯಲ್ಲಿರುವ ಸಲ್ಫರ್ ಡೈಆಕ್ಸೈಡನ್ನು ಹೀರುತ್ತದೆ. ಅದು ಒಳಗೆ ಸಲ್ಫ್ಯೂರಿಕ್ ಆಮ್ಲವಾಗಿ ಚರ್ಮದ ನಾರನ್ನು ಕಡಿಯುತ್ತ ಹೋಗುತ್ತದೆ. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ನೇಮಿಸಿದ ಸಮಿತಿ ಇದನ್ನೇ ಪರಿಶೀಲಿಸಿತ್ತು. ಸುಮ್ಯಾಕ್ ಎಲೆಯಲ್ಲಿ ಹದಗೊಂಡ ಚರ್ಮ ಚೆನ್ನಾಗಿ ಬಾಳುತ್ತದೆ, ಭಾರತದಿಂದ ಬರುವ, ತಂಗಡಿ ತೊಗಟೆಯಲ್ಲಿ ಹದಗೊಂಡ ಚರ್ಮ ಬೇಗ ಕೆಡುತ್ತದೆ ಎಂಬುದು ಅದರ ನಿರ್ಣಯ. ನಮ್ಮ ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ! ಬೆನ್ನೂ ರಟ್ಟೂ ಕೂಡುವಲ್ಲಿ ಸೀಳಿದ ಸಂದಿಗೆ ತೇಪೆ ಹಾಕಲು ಹೊಸ ಚರ್ಮ ಹುಡುಕುತ್ತಿದ್ದವನು ಇದನ್ನು ಓದಿದ ಮೇಲೆ ಆ ಯೋಚನೆಯನ್ನೇ ಕೈಬಿಟ್ಟೆ.

ಪುಡಿಗೆ ಕೊಟ್ಟ ಮದ್ದು ಸರಳ. ನೂರು ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಎರಡು ಗ್ರಾಂ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟಿನ ಪುಡಿ ಕದಡಿ, ರಾತ್ರಿಯಿಡೀ ಬಿಟ್ಟು, ಮೆತ್ತನೆಯ ಕುಂಚದಿಂದ ತೆಳುವಾಗಿ ಸವರುವುದು. ಆಲ್ಕೋಹಾಲ್ ಆರಿಹೋಗುತ್ತದೆ, ಸೆಲ್ಯುಲೋಸ್ ಒಳಗೆ ಉಳಿದು ಪುಡಿಯನ್ನು ಹಿಡಿದಿಡುತ್ತದೆ. ನೀರು ಮಾತ್ರ ಸೋಕಬಾರದು, ಇಂಥ ಚರ್ಮ ನೀರು ತಾಗಿದರೆ ಕಪ್ಪಾಗಿ ಬಿರುಸಾಗುತ್ತದೆ. ಹಳೆಯ ಚರ್ಮಕ್ಕೆ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಎಣ್ಣೆ ಬಣ್ಣ ಕೆಡಿಸಿ ಧೂಳು ಹಿಡಿಸುತ್ತದೆಯೇ ಹೊರತು ಮುರಿದ ನಾರನ್ನು ಕೂಡಿಸುವುದಿಲ್ಲ.

ಮುಂದಿನ ರಟ್ಟಿನ ಸಂದಿಗೆ ತೆಳುವಾದರೂ ಗಟ್ಟಿಯಾದ ಜಪಾನಿ ಟಿಶ್ಯೂ ಕಾಗದಕ್ಕೆ ಕಂದು ಅಕ್ರಿಲಿಕ್ ಬಣ್ಣ ಕೊಟ್ಟು ಕೂರಿಸಿದ್ದೇನೆ. ಅಂಟಿಗೂ ಅದೇ ಸೆಲ್ಯುಲೋಸ್, ಆಲ್ಕೋಹಾಲಿನಲ್ಲಿ ಗಟ್ಟಿಯಾಗಿ ಕಲಸಿದ್ದು. ಬೈಂಡರುಗಳು ನೀರಿನಲ್ಲಿ ಕಲಸುವ ಮೈದಾ ಅಂಟು, ಅದಕ್ಕೆ ಸೇರಿಸುವ ಮೈಲುತುತ್ತ ಎರಡನ್ನೂ ದೂರ ಇಟ್ಟೆ. ಕಾಗದದ ಅಂಚನ್ನು ಕತ್ತರಿಸದೆ ಹರಿದದ್ದರಿಂದ ಅದರ ನಾರು ಚರ್ಮದೊಳಗೆ ಬೆರೆತು, ತೇಪೆ ಎಲ್ಲಿ ಆರಂಭವಾಗಿದೆ ಎಂದು ಹುಡುಕಬೇಕಾಗುತ್ತದೆ. ರಟ್ಟು ಈಗ ಸಲೀಸಾಗಿ ತೆರೆಯುತ್ತದೆ.

ಮೂಲೆಗಳಲ್ಲಿ ಎರಡು ಮುಗಿದಿವೆ. ಹಿಂದಿನ ರಟ್ಟಿನ ಸಂದು ಬಾಕಿ. ಧಾರವಾಡದ ಜಿಟಿಜಿಟಿ ಮಳೆಗೆ ಕೋಣೆಯ ತೇವ ಇಳಿಯುತ್ತಿಲ್ಲವಾದ್ದರಿಂದ ಅದನ್ನು ದಸರೆಯ ನಂತರಕ್ಕೆ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಆಮ್ಲರಹಿತ ರಟ್ಟಿನಿಂದ ಪುಸ್ತಕದ ಅಳತೆಗೆ ಸರಿಯಾಗಿ ಒಂದು ಪೆಟ್ಟಿಗೆ ಮಾಡಬೇಕು. ರಟ್ಟು ತರಿಸಿಯಾಗಿದೆ, ಕತ್ತರಿಸುವುದಷ್ಟೇ ಉಳಿದಿದೆ.